ಪೇಟ ತೊಟ್ಟ ನಿರುದ್ಯೋಗಿ

ನಾನು ನಿವೃತ್ತನಾದ ದಿನ ಕಚೇರಿಯವರು ಕುಂಡದಲ್ಲಿ ಒಂದು ಗಿಡ ಕೊಟ್ಟರು, ಜೊತೆಗೆ ಒಂದು ಕಾರ್ಡು ಕೊಟ್ಟರು. ಕಾರ್ಡಿನಲ್ಲಿ ಎಲ್ಲರ ಸಹಿಯೂ ಇತ್ತು. ಹಿಂದಿನ ವಾರವಷ್ಟೇ ಕೆಲಸಕ್ಕೆ ಸೇರಿ, ನನ್ನನ್ನು ಹೀಟರ್ ರಿಪೇರಿಗೆ ಬಂದವನೆಂದು ತಿಳಿದಿದ್ದ ಹುಡುಗಿಯ ಸಹಿಯೂ ಇತ್ತು. ಗಿಡ ಆ ಚಳಿಗಾಲ ದಾಟಲಿಲ್ಲ. ಕಾರ್ಡು ಕ್ಷೇಮವಾಗಿದೆ.

ಸರ್ವಿಸಿನುದ್ದಕ್ಕೂ ನಾನು ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಆಸುಪಾಸಿನ ಊರೊಂದರ ಜಾಬ್ ಸೆಂಟರಿನಲ್ಲಿ ಕೂತವನು. ಕೆಲಸ ಕಳೆದುಕೊಂಡವರು, ಅರೆಕಾಲದ ಕೆಲಸದಿಂದ ಸಂಸಾರ ಸಾಗದವರು ಸರ್ಕಾರದ ಭತ್ಯೆಗಾಗಿ ಬರುವ ಜಾಗ ಅದು. ಬಂದವರಿಗೆ ಭತ್ಯೆಯ ದಾರಿ ತೋರಿಸಬೇಕು; ಅವರು ನಿಜವಾಗಿ ಕೆಲಸ ಹುಡುಕುತ್ತಿದ್ದಾರೆಯೇ ಎಂದೂ ವಿಚಾರಿಸಬೇಕು. ತಾಯಿಯ ಕೆಲಸ ಮತ್ತು ಪೊಲೀಸಿನ ಕೆಲಸ ಎರಡನ್ನೂ ಒಂದೇ ಮೇಜಿನಲ್ಲಿ, ಒಂದೇ ಮುಖ ಇಟ್ಟುಕೊಂಡು ಮಾಡಬೇಕು. ನಡುವೆ ನನಗೆ ಬಡ್ತಿ ಸಿಕ್ಕಿತು. ಅದರ ಫಲವಾಗಿ ನನ್ನ ಕುರ್ಚಿಗೆ ಕೈಗಳು ಬಂದವು. ಬಡ್ತಿಯ ಅಧ್ಯಾಯ ಇಲ್ಲಿಗೆ ಸಮಾಪ್ತ.

ಇದನ್ನು ಬರೆಯುತ್ತಿರುವುದು ಸ್ನೇಹಾಳ ಸಲುವಾಗಿ. ಲೀಡ್ಸ್‌ನಲ್ಲಿರುವ ನನ್ನ ಗೆಳೆಯನ ಮಗಳು ಅವಳು; ಈಗಷ್ಟೇ ಅಲ್ಲಿನ ಒಂದು ಜಾಬ್ ಸೆಂಟರಿಗೆ ಸೇರಿದ್ದಾಳೆ. ಫೋನ್ ಮಾಡಿ, "ಅಂಕಲ್, ಎನಿ ಟಿಪ್ಸ್?" ಎಂದಳು. ಆಯುಷ್ಯವನ್ನೆಲ್ಲ ಟಿಪ್ಸ್ ಮಾಡಿ ಫೋನಿನಲ್ಲಿ ತುರುಕಲಾಗದೆ ಬರೆಯಲು ಕೂತೆ. ಅವಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಅವಳ ಅಮ್ಮ ಓದಿ ಹೇಳುತ್ತಾರಂತೆ. ಆದ್ದರಿಂದ ಅಮ್ಮನಿಗೂ ನಿದ್ದೆ ಬಾರದಂತೆ ಬರೆಯುವ ಹೊಣೆ ನನ್ನ ಮೇಲಿದೆ.

ನಾನು ಸೇರಿದ ಕಾಲಕ್ಕೆ ನಮ್ಮ ಮುಂದೆ ಗಾಜಿನ ಗೋಡೆಯಿತ್ತು. ಎರಡು ವಾರಕ್ಕೊಮ್ಮೆ ಜನ ಸಾಲಿನಲ್ಲಿ ಬಂದು, ಗಾಜಿನ ಕೆಳಗಿನ ಸಂದಿಯಲ್ಲಿ ಕೈ ತೂರಿಸಿ, ತಮಗೆ ಕೆಲಸವಿಲ್ಲ ಎಂಬುದಕ್ಕೆ ಸಹಿ ಹಾಕಿ ಹೋಗುತ್ತಿದ್ದರು. ಪೆನ್ನಿಗೆ ಸರಪಳಿ ಬಿಗಿದಿದ್ದೆವು. ಕೆಲಸ ಹೋದವನು ಪೆನ್ನನ್ನೂ ಒಯ್ದಾನು ಎಂಬ ದೂರದೃಷ್ಟಿ. ಆಮೇಲೆ ಗಾಜು ತೆಗೆದು ಸೋಫಾ ಹಾಕಿದರು, ಬಾಗಿಲಲ್ಲಿ ಸೆಕ್ಯೂರಿಟಿಯವರನ್ನು ನಿಲ್ಲಿಸಿದರು. ಹೊಸದಾಗಿ ಬಂದ ಮೇಲಧಿಕಾರಿಯೊಬ್ಬರು ಇನ್ನು ಮುಂದೆ ಬರುವವರನ್ನೆಲ್ಲ 'ಗ್ರಾಹಕರು' ಎನ್ನಬೇಕೆಂದು ಅಪ್ಪಣೆ ಹೊರಡಿಸಿದರು. ಆ ವಾರವೇ ಒಬ್ಬ ವೆಲ್ಡರ್, ನಾವು ಗೊತ್ತುಮಾಡಿದ್ದ ತರಬೇತಿಯ ಕಾಗದವನ್ನು ಮೇಜಿನ ಮೇಲಿಟ್ಟು, "ನಾನು ಗ್ರಾಹಕ ತಾನೇ? ಈ ಮಾಲು ಹಿಡಿಸಲಿಲ್ಲ, ಬದಲಾಯಿಸಿ ಕೊಡಿ" ಎಂದ. ಅಪ್ಪಣೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಕೊನೆಗೆ ಯೂನಿವರ್ಸಲ್ ಕ್ರೆಡಿಟ್ ಬಂತು. ನಿರುದ್ಯೋಗದ ಭತ್ಯೆ, ಬಾಡಿಗೆಯ ಭತ್ಯೆ, ಮಕ್ಕಳ ಭತ್ಯೆ ಎಂದು ಬೇರೆಬೇರೆ ಪಾತ್ರೆಗಳಲ್ಲಿ ಬೇಯುತ್ತಿದ್ದುದನ್ನೆಲ್ಲ ಒಂದೇ ಹಂಡೆಗೆ ಸುರಿದರು. ಸರಪಳಿಯ ಪೆನ್ನು ಹೋಗಿ ಜರ್ನಲ್ ಬಂತು. ಅಂದರೆ ಇಂಟರ್ನೆಟ್ಟಿನಲ್ಲಿ ಪ್ರತಿಯೊಬ್ಬರಿಗೂ ಒಂದು ಜಾಗ. ಎಲ್ಲಿ ಅರ್ಜಿ ಹಾಕಿದೆ, ಯಾರನ್ನು ಕಂಡೆ, ವಾರವೆಲ್ಲ ಏನು ಮಾಡಿದೆ ಎಂಬುದನ್ನು ಅವರೇ ಅಲ್ಲಿ ಬರೆಯಬೇಕು. ಗಂಡ ಹೆಂಡತಿ ಇದ್ದರೆ ಇಬ್ಬರೂ ಕೂಡಿ ಅರ್ಜಿ ಹಾಕಬೇಕು. ಒಬ್ಬರ ದುಡಿಮೆ ಇನ್ನೊಬ್ಬರ ಭತ್ಯೆಗೆ ತಾಗುತ್ತದೆ.

ಅರೆಕಾಲದ ಕೆಲಸ ಹಿಡಿದರೆ ಭತ್ಯೆ ಪೂರ್ತಿ ನಿಂತುಹೋಗುತ್ತದೆ ಎಂದು ನಂಬಿ ಸಿಕ್ಕ ಕೆಲಸ ಬಿಟ್ಟವರನ್ನು ನಾನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ನಿಲ್ಲುವುದಿಲ್ಲ. ದುಡಿದಷ್ಟಕ್ಕೆ ಒಂದು ಪಾಲು ಕಡಿಮೆಯಾಗುತ್ತದೆ, ಅಷ್ಟೆ. ದುಡಿದವನ ಕೈಯಲ್ಲಿ ದುಡಿಯದವನಿಗಿಂತ ಹೆಚ್ಚೇ ಉಳಿಯುತ್ತದೆ. ಇದನ್ನು ಮೊದಲ ಭೇಟಿಯಲ್ಲೇ ಹೇಳು, ಎರಡನೆಯದರಲ್ಲೂ ಹೇಳು. ನಾಲ್ಕು ವಾರಕ್ಕೊಮ್ಮೆ ಸಂಬಳ ಪಡೆಯುವವರನ್ನು ಮಾತ್ರ ಮುಂಚೆಯೇ ಎಚ್ಚರಿಸು. ಡೋರೀನ್ ಎಂಬಾಕೆ ಶಾಲೆಗಳನ್ನು ಗುಡಿಸುತ್ತಿದ್ದಳು. ವರ್ಷದಲ್ಲೊಮ್ಮೆ ಆಕೆಯ ಎರಡು ಸಂಬಳ ಒಂದೇ ತಿಂಗಳ ಲೆಕ್ಕದೊಳಗೆ ಬೀಳುತ್ತಿದ್ದವು. ಆ ತಿಂಗಳು ಕಂಪ್ಯೂಟರು ಅವಳನ್ನು ಸಿರಿವಂತಳೆಂದು ಘೋಷಿಸಿ ಭತ್ಯೆ ನಿಲ್ಲಿಸುತ್ತಿತ್ತು. "ಒಂದು ತಿಂಗಳಾದರೂ ನನ್ನನ್ನು ಶ್ರೀಮಂತೆ ಅಂದವರು ನೀವೊಬ್ಬರೇ" ಎನ್ನುತ್ತಿದ್ದಳು ಡೋರೀನ್.

ಆದರೆ ನಿಯಮ ಕಲಿಯುವುದು ಕಷ್ಟವಲ್ಲ, ಸ್ನೇಹಾ. ಅದು ಎಲ್ಲೋ ಬರೆದಿರುತ್ತದೆ. ಕಷ್ಟ ಬೇರೆ ಕಡೆ ಇದೆ. ಅದನ್ನು ಹೇಳಬೇಕಾದರೆ ಗುರುಪಾದಪ್ಪನವರನ್ನು ಕರೆತರಬೇಕು.

ಗುರುಪಾದಪ್ಪನವರು ಬಾಗಲಕೋಟೆ ಕಡೆಯವರು. ಇಲ್ಲಿಯ ಒಂದು ಕಾರ್ಖಾನೆಯಲ್ಲಿ ವಾಹನಗಳ ಬಿಡಿಭಾಗಗಳನ್ನು ಅಳೆದು ನೋಡಿ ಪಾಸು ಮಾಡುವ ಇನ್‌ಸ್ಪೆಕ್ಟರ್ ಆಗಿದ್ದರು. ಹೆಂಡತಿ ನೀಲಮ್ಮ ಶಾಲೆಯೊಂದರ ಅಡುಗೆಮನೆಯಲ್ಲಿ ಮಧ್ಯಾಹ್ನದ ಹೊತ್ತು ಮಾತ್ರ ಕೆಲಸ ಮಾಡುತ್ತಿದ್ದರು. ನಮ್ಮ ಕನ್ನಡ ಕೂಟಕ್ಕೆ ಮಾತ್ರ ಗುರುಪಾದಪ್ಪನವರು ಇನ್‌ಸ್ಪೆಕ್ಟರ್ ಅಲ್ಲ, ಅಡುಗೆಯ ದೊರೆ. ಕೂಟದ ಯಾವ ಹಬ್ಬವೇ ಇರಲಿ, ಬೆಳಗಾಗುವುದರೊಳಗೆ ಬಾಡಿಗೆ ಹಾಲಿನ ಅಡುಗೆಮನೆಗೆ ಬಂದು, ಗೋಧಿ ಹುಗ್ಗಿ, ಎಣ್ಣೆಗಾಯಿ, ಬುಟ್ಟಿ ತುಂಬ ಜೋಳದ ರೊಟ್ಟಿ ಸಿದ್ಧಮಾಡುತ್ತಿದ್ದರು. ಒಂದು ಪೆನ್ನಿ ಮುಟ್ಟುತ್ತಿರಲಿಲ್ಲ. ಅವರ ಮನೆತನದಲ್ಲಿ ಅದು ದಾಸೋಹ. ಕೂಲಿ ಕೇಳುವ ಕೆಲಸವೂ ಅಲ್ಲ, ಹೇಳಿಕೊಳ್ಳುವ ಕೆಲಸವೂ ಅಲ್ಲ.

ಕಾರ್ಖಾನೆ ಮುಚ್ಚಿತು. ಗುರುಪಾದಪ್ಪನವರು ಯಾರಿಗೂ ಹೇಳಲಿಲ್ಲ. ಕೂಡಿಟ್ಟದ್ದು ಕರಗುವವರೆಗೆ ನಮ್ಮ ಕಚೇರಿಗೂ ಬರಲಿಲ್ಲ. ಒಂದು ದಿನ ನೀಲಮ್ಮ ನನಗೆ ಫೋನ್ ಮಾಡಿದರು.

"ಪಾಟೀಲ್ರ, ಒಂದ್ ಮಾತ್ ಕೇಳ್ತೀನಿ, ನಗಬಾರದು. ನೀವು ಆಫೀಸಿಗೆ ಹೋಗದ ದಿವಸ ಯಾವ್ದು?"

"ಶನಿವಾರ, ಭಾನುವಾರ. ಯಾಕ್ರೀ ಅಕ್ಕಾರ?"

"ಅವತ್ತು ನಿಮ್ಮ ಆಫೀಸು ತಗದಿರ್ತೈತೇನು?"

"ಇಲ್ಲ."

"ಹಂಗಾರ ಆತು ಬಿಡ್ರಿ. ನಮ್ಮ ಮನಿಯವ್ರು, ಪಾಟೀಲ್ರು ಇಲ್ಲದ ದಿವಸ ಹೋಗೂಣು ಅಂತ ಕುಂತಾರ. ಹಿಂಗಾದ್ರ ಅವ್ರು ನಿಮ್ಮ ಪೆನ್ಶನ್ ಆಗೂ ತನಕ ಕಾಯಬೇಕು."

ಅವರು ಕೊನೆಗೂ ಬಂದರು. ಕಾರ್ಖಾನೆಯ ವಿದಾಯಕ್ಕೆ ಹೊಲಿಸಿದ್ದ ಸೂಟು, ಹಣೆಯಲ್ಲಿ ವಿಭೂತಿ. ನಾನು ನಿಯಮದಂತೆ, ಇವರು ನನ್ನ ಪರಿಚಯದವರು ಎಂದು ಮ್ಯಾನೇಜರ್ ಮೌರೀನ್‌ಗೆ ತಿಳಿಸಿದೆ. ಮೌರೀನ್ ಹಳೆಯ ಕಾಲದ ಹೆಂಗಸು. ಮಂತ್ರಿಯಿಂದ ಕಸದವನವರೆಗೆ ಎಲ್ಲರನ್ನೂ "ಬ್ಯಾಬ್", ಅಂದರೆ ಆ ಕಡೆಯ ಮಾತಿನಲ್ಲಿ 'ಮಗು', ಎಂದೇ ಕರೆಯುತ್ತಿದ್ದವಳು. ಅವಳು ಗುರುಪಾದಪ್ಪನವರನ್ನು ನನ್ನ ಪಕ್ಕದ ಮೇಜಿನ ಆಸಿಫ್‌ಗೆ ವಹಿಸಿ, ಅವರ ಜರ್ನಲ್ ನನಗೆ ಕಾಣದಂತೆ ಮಾಡಿದಳು. ಅಂದಿನಿಂದ ನಮ್ಮ ನಡುವೆ ಒಂದು ಮೌನ ಒಪ್ಪಂದ ಏರ್ಪಟ್ಟಿತು. ಅವರು ಬಂದಾಗ ನಾನು ಕಂಪ್ಯೂಟರಿನಲ್ಲಿ ಮುಳುಗುತ್ತಿದ್ದೆ. ಅವರು ಗೋಡೆಯ ಮೇಲಿನ ಬೆಂಕಿ ನಂದಿಸುವ ಸೂಚನೆಗಳನ್ನು ಓದುತ್ತಿದ್ದರು. ನಮ್ಮ ಕಚೇರಿಗೆ ಬೆಂಕಿ ಬಿದ್ದಿದ್ದರೆ ಏನು ಮಾಡಬೇಕೆಂದು ಅವರೊಬ್ಬರಿಗೇ ಗೊತ್ತಿತ್ತು. ಭಾನುವಾರ ಕೂಟದಲ್ಲಿ ಭೇಟಿಯಾದರೆ, "ಏನ್ ಪಾಟೀಲ್ರ, ಭಾಳ ದಿವಸಾತು ಕಾಣ್ಲಿಲ್ಲ?" ಎಂದು ಕೇಳುತ್ತಿದ್ದರು. "ಏನ್ ಮಾಡೂದ್ರಿ, ಕೆಲಸ" ಎನ್ನುತ್ತಿದ್ದೆ.

ಕಷ್ಟ ಶುರುವಾದದ್ದು ಕೂಟದ ದೀಪಾವಳಿಯಲ್ಲಿ, ಸನ್ಮಾನ ಎಂಬ ನಮ್ಮ ರಾಷ್ಟ್ರೀಯ ವ್ಯಾಧಿಯಿಂದ.

ನಾವು ನಾಲ್ಕು ಕನ್ನಡಿಗರು ಸೇರಿದರೆ ಒಬ್ಬನಿಗೆ ಶಾಲು ಹೊದಿಸದೆ ಮನೆಗೆ ಹೋಗುವವರಲ್ಲ. ಆ ವರ್ಷ ಗುರುಪಾದಪ್ಪನವರ ಸರದಿ. ಕೂಟದ ಅಧ್ಯಕ್ಷರು ಡಾಕ್ಟರ್ ಶ್ರೀಕಂಠಯ್ಯ; ಮೈಸೂರಿನವರು, ದೊಡ್ಡ ಆಸ್ಪತ್ರೆಯ ಹೃದಯದ ಡಾಕ್ಟರು, ಸ್ವಂತ ಹೃದಯವೂ ದೊಡ್ಡದೇ. ಗುರುಪಾದಪ್ಪನವರ ಕೆಲಸ ಹೋದ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಸಭೆಯಲ್ಲಿ ಅದು ಬಯಲಾಗಬಾರದು ಎಂಬ ಕಾಳಜಿಯಿಂದ ಅವರು ಪರಿಚಯದ ಮಾತನ್ನು ತಾವೇ ವಹಿಸಿಕೊಂಡರು.

"ಮಾನ್ಯರೇ," ಎಂದು ಮೈಕಿನ ಮುಂದೆ ಶುರುಮಾಡಿದರು, "ಇಂದು ನಾವು ಗೌರವಿಸ್ತಿರೋದು ಒಬ್ಬ ಯಶಸ್ವಿ ಉದ್ಯಮಿಯನ್ನ. ಆಂಗ್ಲರ ನಾಡಿನಲ್ಲಿ ಜೋಳದ ರೊಟ್ಟಿಯ ಬಾವುಟ ಹಾರಿಸಿದ ಪಾಕಪ್ರವೀಣರು. ಬೆಳೀತಾ ಇರುವ ಒಂದು ಕೇಟರಿಂಗ್ ಸಂಸ್ಥೆಯ ಸ್ಥಾಪಕರು!"

ಚಪ್ಪಾಳೆ. ಪೇಟ ಬಂತು, ಕಿವಿಯವರೆಗೆ ಇಳಿಯಿತು. ಶಾಲು, ಹಣ್ಣಿನ ಬುಟ್ಟಿ, ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದ ಫಲಕ. ಗುರುಪಾದಪ್ಪನವರು ಪೇಟದ ಕೆಳಗಿನಿಂದ ನನ್ನತ್ತ ನೋಡಿದ ನೋಟ, ತಪ್ಪು ಅಳತೆಯ ಬಿಡಿಭಾಗವನ್ನು ಮೇಲಿನವರು ಪಾಸು ಮಾಡಿದಾಗ ಇನ್‌ಸ್ಪೆಕ್ಟರ್ ನೋಡುವ ನೋಟ. ಇದೆಲ್ಲದರ ಫೋಟೊ, ಅಧ್ಯಕ್ಷರ ಮಾತಿನ ಇಂಗ್ಲಿಷ್ ಸಾರಾಂಶ ಸಮೇತ, ಊಟ ಮುಗಿಯುವುದರೊಳಗೆ ಕೂಟದ ಫೇಸ್‌ಬುಕ್ ಪುಟದಲ್ಲಿತ್ತು.

ಕೆಲವು ವಾರ ಕಳೆದಿರಬೇಕು. ಯಾರೋ ದೂರು ಕೊಟ್ಟರು. ಯಾರೆಂದು ನಿಯಮದ ಪ್ರಕಾರ ಹೇಳುವಂತಿಲ್ಲ, ನನಗೂ ಗೊತ್ತಾಗಲಿಲ್ಲ. ಕೂಟದಲ್ಲಿ ಮಾತ್ರ ಎಲ್ಲರೂ, ಗುರುಪಾದಪ್ಪನವರಿಗಿಂತ ಮೊದಲು ಕೂಟಕ್ಕೆ ಬಿಸಿಬೇಳೆಬಾತು ಮಾಡುತ್ತಿದ್ದು, ಅವರು ಬಂದ ಮೇಲೆ ಅಡುಗೆಯ ಉಸ್ತುವಾರಿ ಕಳೆದುಕೊಂಡಿದ್ದ ಸದಸ್ಯರೊಬ್ಬರನ್ನು ಒಂದು ಥರ ನೋಡತೊಡಗಿದರು. ಭತ್ಯೆ ಪಡೆಯುತ್ತ ಗುಟ್ಟಾಗಿ ವ್ಯಾಪಾರ ನಡೆಸುತ್ತಿದ್ದಾರೆ ಎಂಬುದು ಆರೋಪ. ತನಿಖೆಯ ವಿಭಾಗದವರು ಗುರುಪಾದಪ್ಪ ದಂಪತಿಯ ಭತ್ಯೆಯನ್ನು ತಡೆಹಿಡಿದು, ಅವರನ್ನು ವಿಚಾರಣೆಗೆ ಕರೆದರು. ಭತ್ಯೆಯೆಂದರೆ ಅದರಲ್ಲೇ ಮನೆಯ ಬಾಡಿಗೆಯೂ ಸೇರಿತ್ತು. ಮನೆಯ ಮಾಲೀಕ ಆಗಲೇ ಎರಡು ಬಾರಿ ಬಾಗಿಲು ತಟ್ಟಿ, ಬೇರೆಯವರು ಮನೆ ಕೇಳುತ್ತಿದ್ದಾರೆ ಎಂದು ಹವಾಮಾನದ ಸುದ್ದಿಯಂತೆ ಹೇಳಿ ಹೋಗಿದ್ದ.

ವಿಚಾರಣೆಯಲ್ಲಿ ಏನಾಯಿತೆಂದು ಗುರುಪಾದಪ್ಪನವರೇ ಆಮೇಲೆ ಹೇಳಿದರು. ಅಧಿಕಾರಿಣಿ ಬಣ್ಣದ ಫೋಟೊ ಮುಂದಿಟ್ಟು, ಇದು ನೀವೇನಾ ಎಂದು ಕೇಳಿದಳಂತೆ.

"ನಾನs ಅಂದೆ. ಪೇಟ ಅಷ್ಟs ಬಾಡಿಗಿದು ಅಂದೆ."

"ಅಡಿಗಿ ಮಾಡಿದ್ದು?" ಎಂದೆ ನಾನು.

"ನಾನs ಅಂದೆ. ರೊಕ್ಕ ತಗೊಂಡೀರೇನು ಅಂದ್ಲು. ಇಲ್ಲ ಅಂದೆ. ಮತ್ತ ಕಂಪನಿ ಐತಿ ಅಂತ ಬರದಾರಲ್ಲ, ಅದು ಸುಳ್ಳೇನು ಅಂತ ಕೇಳಿದ್ಲು."

"ಏನಂದ್ರಿ?"

ಗುರುಪಾದಪ್ಪನವರು ನಿಟ್ಟುಸಿರುಬಿಟ್ಟರು. "ಸುಮ್ನಿದ್ದೆ. ಅಷ್ಟು ದೊಡ್ಡ ಮನಷ್ಯಾ ನನ್ನ ಮಾನಾ ಕಾಯಾಕ ಹೇಳಿದ ಮಾತು. ಅವ್ರು ಸುಳ್ಳ ಹೇಳ್ಯಾರ ಅಂತ ನಾ ಹ್ಯಾಂಗ ಸರ್ಕಾರದ ಮುಂದ ಬರಸ್ಲಿ, ಪಾಟೀಲ್ರ?"

ವಿಚಾರಣೆಯಲ್ಲಿ ಸುಮ್ಮನಿರುವುದನ್ನು ನಮ್ಮವರು ವಿನಯ ಎನ್ನುತ್ತಾರೆ, ಇಲಾಖೆಯವರು ಬೇರೇನೋ ಎನ್ನುತ್ತಾರೆ. ಸ್ನೇಹಾ, ನಿನ್ನ ಮುಂದೆ ಕೂತವರು ಸುಮ್ಮನಾದರೆ ಕಂಪ್ಯೂಟರಿನಲ್ಲಿ ಏನನ್ನೂ ಒತ್ತುವ ಮೊದಲು ಇನ್ನೊಮ್ಮೆ ಕೇಳು. ಆಸಿಫ್ ಅಂಥವನು. ಅವನು ಮೊದಲೇ ಗುರುಪಾದಪ್ಪನವರಿಗೆ ಹೇಳಿದ್ದ: ಸಂಬಳವಿಲ್ಲದ ಸೇವೆ ಮಾಡುತ್ತಿದ್ದರೆ ಜರ್ನಲ್‌ನಲ್ಲಿ ಬರೆಯಿರಿ, ಅದು ತಪ್ಪಲ್ಲ, ಕೆಲಸ ಹುಡುಕುವ ಹೊತ್ತಿನಲ್ಲಿ ಒಂದು ಪಾಲಾಗಿ ಹಿಡಿಯುತ್ತೇವೆ ಎಂದು. ಗುರುಪಾದಪ್ಪನವರು ಬರೆದಿರಲಿಲ್ಲ. ದಾಸೋಹ ಮಾಡಿ ಅದನ್ನು ಸರ್ಕಾರಕ್ಕೆ ಬರೆದು ತಿಳಿಸುವುದು ಅವರ ಲೆಕ್ಕದಲ್ಲಿ, ದೇವರ ಮುಂದೆ ಕೈಮುಗಿದು ರಸೀದಿ ಕೇಳಿದ ಹಾಗೆ.

ನಾನು ಮೌರೀನ್ ಬಳಿ ಹೋಗಿ, ಆ ಸಮಾರಂಭದಲ್ಲಿ ನಾನೂ ಇದ್ದೆ ಎಂದೆ.

"ಅಲ್ಲಿ ಏನು ಮಾಡ್ತಿದ್ರಿ, ಬ್ಯಾಬ್?"

"ಚಪ್ಪಾಳೆ ತಟ್ಟುತ್ತಿದ್ದೆ."

"ಆತನಿಗೆ ಕಂಪನಿ ಇಲ್ಲ ಅಂತ ಗೊತ್ತಿದ್ದೂ?"

"ಗೊತ್ತಿದ್ದೇ. ಅಲ್ಲಿದ್ದ ಅರ್ಧ ಜನಕ್ಕೆ ಗೊತ್ತಿತ್ತು, ಉಳಿದರ್ಧಕ್ಕೆ ಅನುಮಾನವಿತ್ತು. ಎಲ್ಲರೂ ತಟ್ಟಿದರು."

ಮೌರೀನ್ ಕನ್ನಡಕ ತೆಗೆದಳು. "ನಿಮ್ಮಲ್ಲಿ ಕೆಲಸ ಹೋದವರಿಗೆಲ್ಲ ಹೀಗೆ ಪೇಟ ಕಟ್ತಾರಾ?"

"ನಮ್ಮಲ್ಲಿ ಎಲ್ಲರಿಗೂ ಕಟ್ಟುತ್ತೇವೆ. ಹೋದ ವರ್ಷ ಮೈಕಿನ ವೈರು ತಂದುಕೊಟ್ಟವನಿಗೂ ಕಟ್ಟಿದ್ದೆವು."

ಅವಳು ನಗಲಿಲ್ಲ, ಅದೇ ಅವಳ ದೊಡ್ಡ ಗುಣ. ನಾನು ಕಂಡದ್ದನ್ನು ಸಾಕ್ಷಿಯಾಗಿ ಬರೆದುಕೊಡಲು ಹೇಳಿದಳು. ಆದರೆ ಸ್ನೇಹಿತನ ಸಾಕ್ಷಿ ಒಂದೇ ಸಾಲದು, ಆ ಮಾತನ್ನು ಆಡಿದವರೇ ಅದು ನಿಜವಲ್ಲ ಎಂದು ಬರೆದುಕೊಡಬೇಕು, ಇದರಾಚೆ ನೀವು ಈ ವಿಷಯಕ್ಕೆ ಕೈ ಹಾಕುವಂತಿಲ್ಲ ಎಂದೂ ಹೇಳಿದಳು. ನಾನು ಕೈ ಹಾಕಲಿಲ್ಲ. ಮೌರೀನ್ ಹೇಳಿದ್ದನ್ನು ಆಸಿಫ್ ಗುರುಪಾದಪ್ಪನವರಿಗೆ ತಿಳಿಸಿದ. ಗುರುಪಾದಪ್ಪನವರು ನೀಲಮ್ಮನಿಗೆ ತಿಳಿಸಿದರು. ಅಲ್ಲಿಂದ ಮುಂದೆ ಯಾರೂ ಕೈ ಹಾಕುವ ಅಗತ್ಯ ಬೀಳಲಿಲ್ಲ.

ಮುಂದಿನ ಭಾನುವಾರ ಕೂಟದ ಕಾರ್ಯಕಾರಿ ಸಮಿತಿಯ ಸಭೆ. ನಾನೂ ಸದಸ್ಯ, ಆದ್ದರಿಂದ ಕೂತಿದ್ದೆ. ಸಂಕ್ರಾಂತಿಗೆ ಹಾಲ್ ಬುಕ್ ಮಾಡುವ ಚರ್ಚೆ ನಡೆದಿತ್ತು. ನೀಲಮ್ಮ ಎಲ್ಲರಿಗೂ ಉಪ್ಪಿಟ್ಟು ಕೊಟ್ಟು, ಹೊರಗೆ ಹೋಗದೆ ಅಧ್ಯಕ್ಷರ ಎದುರಿನ ಕುರ್ಚಿಯಲ್ಲಿ ಕೂತರು. ಗುರುಪಾದಪ್ಪನವರು ಬಾಗಿಲಲ್ಲೇ ನಿಂತಿದ್ದರು.

"ಡಾಕ್ಟರ್ರೀ, ನಮ್ಮ ಮನಿಯವ್ರಿಗೆ ಕಂಪನಿ ಇಲ್ಲ ಅಂತ ನೀವು ಒಂದ್ ಕಾಗದ ಬರದ್ ಕೊಡಬೇಕು."

ಡಾಕ್ಟರು ಚಮಚ ಕೆಳಗಿಟ್ಟರು. "ಅಲ್ಲಮ್ಮಾ, ನಾನು ಅವರ ಮರ್ಯಾದೆ ಉಳಿಸೋಕೆ ಹಾಗೆ ಹೇಳಿದ್ದು. ಈಗ ಇಲ್ಲ ಅಂತ ಬರೆದ್ರೆ ಅವರ ಮರ್ಯಾದೆ ಏನಾಗಬೇಕು? ನನ್ನದಂತೂ ಬಿಡಿ."

"ನೀವು ಶಾಲು ಹೊದಿಸಿದ್ರಿ, ಛಲೋ ಆತು. ಶಾಲಿನ ಬುಡಕ ಮನಿ ಬಾಡಿಗಿ ಐತ್ರೀ. ಅದು ನಿಂತೈತಿ."

ಸಮಿತಿಯವರೆಲ್ಲ ಉಪ್ಪಿಟ್ಟಿನಲ್ಲಿ ಗೋಡಂಬಿ ಹುಡುಕತೊಡಗಿದರು. ಡಾಕ್ಟರಿಗೆ ನಿಜಕ್ಕೂ ನೋವಾಯಿತು. ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. "ಅಯ್ಯೋ, ಇಷ್ಟು ದಿನ ಹೇಳಬಾರದಾಗಿತ್ತಾ? ಎಷ್ಟು ಬೇಕು ಹೇಳೀಮ್ಮಾ. ಬಾಡಿಗೆ ನಾನು ಕೊಡ್ತೀನಿ. ಕೆಲಸ ಸಿಗೋ ತನಕ ನಾನೇ ಕೊಡ್ತೀನಿ. ಕಾಗದ ಗೀಗದ ಯಾಕೆ? ಯಾರಿಗೂ ಗೊತ್ತಾಗೋದೂ ಬೇಡ."

ಆ ಮಾತು ಎಷ್ಟು ಸಲೀಸಾದ ದಾರಿ ಎಂಬುದು ನೀಲಮ್ಮನಿಗೂ ಗೊತ್ತಿತ್ತು.

"ನಿಮ್ಮ ಮನಸ್ಸು ದೊಡ್ಡದೈತ್ರೀ. ಆದ್ರ ನೀವು ಕೊಟ್ರ ಅದು ದಾನ ಆಗ್ತೈತಿ. ಇವ್ರು ಈ ದೇಶದಾಗ ದುಡದಾರ, ತಿಂಗಳಾ ಟ್ಯಾಕ್ಸ್ ಕಟ್ಯಾರ. ಕೆಲಸ ಹೋದಾಗ ಸರ್ಕಾರ ಕೊಡೂದು ಇವ್ರ ಪಾಲಿಂದು. ಪಾಲು ಬಿಟ್ಟು ದಾನಕ್ಕ ಕೈ ಒಡ್ಡು ಅಂತೀರೇನು? ಅದೂ ಎಲ್ಲಾರಿಗೂ ಉಣ್ಣಾಕ ಹಾಕೂ ಮನಷ್ಯಾಗ?"

ಬಾಗಿಲಲ್ಲಿದ್ದ ಗುರುಪಾದಪ್ಪನವರು, "ಸಾಕು ನೀಲಾ" ಎಂದರು.

"ಸಾಕಾಗಿದ್ದಕ್ಕs ಬಂದೇನಿ," ಎಂದರು ನೀಲಮ್ಮ.

ಡಾಕ್ಟರು ಕಾಗದ ಬರೆದರು. ಸುಲಭವಾಗಿಯಲ್ಲ. ಮೊದಲ ಕರಡಿನಲ್ಲಿ ಗುರುಪಾದಪ್ಪನವರು 'ಭವಿಷ್ಯದಲ್ಲಿ ಉದ್ಯಮಿಯಾಗುವ ಎಲ್ಲ ಲಕ್ಷಣವುಳ್ಳವರು' ಆಗಿದ್ದರು. ಎರಡನೆಯದರಲ್ಲಿ 'ಸದ್ಯ ವಿಶ್ರಾಂತಿಯಲ್ಲಿರುವ ತಂತ್ರಜ್ಞರು'. ಆಸಿಫ್ ಎರಡನ್ನೂ ಸೌಮ್ಯವಾಗಿ ಹಿಂದಿರುಗಿಸಿ, ಕಂಪನಿ ಇದೆಯೇ ಇಲ್ಲವೇ, ಹಣ ಕೊಟ್ಟಿರೇ ಇಲ್ಲವೇ, ಎರಡೇ ವಾಕ್ಯ ಸಾಕು ಎಂದ. ಮೂರನೆಯ ಸಲ ಎರಡೇ ವಾಕ್ಯ ಬಂದವು. ಜೀವಮಾನದಲ್ಲಿ ಅಷ್ಟು ಚಿಕ್ಕದಾಗಿ ತಾವು ಏನನ್ನೂ ಬರೆದಿಲ್ಲವೆಂದು ಡಾಕ್ಟರು ಆಮೇಲೆ ನನ್ನ ಬಳಿ ಬೇಸರದಿಂದ ಹೇಳಿಕೊಂಡರು. ತನಿಖೆಯವರು ಕಡತ ಮುಚ್ಚಿದರು, ತಡೆದಿದ್ದ ಭತ್ಯೆ ಬಂತು, ಬಾಡಿಗೆ ಸಂದಿತು, ಮನೆಯ ಮಾಲೀಕನಿಗೆ ಹವಾಮಾನದ ಆಸಕ್ತಿ ಕಡಿಮೆಯಾಯಿತು.

ಉಳಿದದ್ದು ಫೇಸ್‌ಬುಕ್ಕಿನ ಫೋಟೊ. ಅದನ್ನು ತೆಗೆಸಿಬಿಡುತ್ತೇನೆ ಎಂದರು ಡಾಕ್ಟರು.

"ತಗೀಬ್ಯಾಡ್ರಿ," ಎಂದರು ಗುರುಪಾದಪ್ಪನವರು. ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. "ಎಲ್ಲಾರ ಮುಂದ ಹೇಳಿದ್ದು, ತಿದ್ದೂದೂ ಎಲ್ಲಾರ ಮುಂದ ಆಗ್ಲಿ. ಮಾಲು ತಪ್ಪಿದ್ರ ಮುಚ್ಚಿ ಇಡೂದಲ್ರೀ, ಲೈನಿಗೆ ಹೊಳ್ಳಿ ಕಳಸೂದು."

ಸಂಕ್ರಾಂತಿಯ ದಿನ, ಕುಸುರೆಳ್ಳು ಹಂಚಿಯಾದ ಮೇಲೆ, ಡಾಕ್ಟರ್ ಶ್ರೀಕಂಠಯ್ಯ ಮೈಕಿನ ಮುಂದೆ ನಿಂತರು. ಹಳೆಯ ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ. ಅದೇ ಗಾಂಭೀರ್ಯ, ಅದೇ ಏರಿಳಿತ.

"ಮಾನ್ಯರೇ! ದೀಪಾವಳಿಯಂದು ನಾನು ಇವರ ಬಗ್ಗೆ ಒಂದು ಮಾತು ತಪ್ಪಾಗಿ ಹೇಳಿದ್ದೆ. ಈಗ ಸರಿಪಡಿಸ್ತೀನಿ. ನಮ್ಮ ಹೆಮ್ಮೆಯ, ಸದ್ಯ ನಿರುದ್ಯೋಗಿಗಳಾದ, ಶ್ರೀ ಗುರುಪಾದಪ್ಪನವರು ವೇದಿಕೆಗೆ ಬರಬೇಕು!"

ಅಭ್ಯಾಸಬಲದಿಂದ ಯಾರೋ ಚಪ್ಪಾಳೆ ಶುರುಮಾಡಿ, ಅರ್ಧಕ್ಕೆ ಕೈ ಹಿಡಿದುಕೊಂಡರು. ಗುರುಪಾದಪ್ಪನವರು ಏಪ್ರನ್‌ನಲ್ಲೇ ಬಂದರು. ಮೈಕು ಅವರಿಗೆ ಎತ್ತರವಾಯಿತು. ತಗ್ಗಿಸುವ ಗೋಜಿಗೆ ಹೋಗದೆ ಪಕ್ಕದಲ್ಲಿ ನಿಂತು ಮಾತಾಡಿದರು.

"ನನಗ ಕೆಲಸ ಇಲ್ರೀ. ಕಾರ್ಖಾನಿ ಮುಚ್ಚಿತು. ಭತ್ಯಾ ತಗೋತೀನಿ. ವಾರಾ ವಾರಾ ಪಾಟೀಲ್ರ ಆಫೀಸಿಗೆ ಹೋಗ್ತೀನಿ, ಅವ್ರು ನನ್ನ ನೋಡೂದಿಲ್ಲ, ನಾ ಅವ್ರನ್ನ ನೋಡೂದಿಲ್ಲ. ಕೂದಲೆಳಿಯಷ್ಟು ಅಳತಿ ತಪ್ಪಿದ್ರ ಹಿಡಿಯಾಂವ ನಾನು. ಅಂಥಾ ಕೆಲಸ ಎಲ್ಲ್ಯರ ಇದ್ರ ಹೇಳ್ರಿ. ಹುಗ್ಗಿ ಆರಾಕತ್ತೈತಿ, ಎಲ್ಲಾರೂ ಉಣ್ಣಾಕ ಏಳ್ರಿ."

ಎಂದು ಹೇಳಿ ಅಡುಗೆಮನೆಗೆ ಹೊರಟುಹೋದರು. ಆ ಹಾಲಿನಲ್ಲಿ ನಾನು ಕೇಳಿದ ಭಾಷಣಗಳಲ್ಲಿ ವಂದನಾರ್ಪಣೆಯಿಲ್ಲದೆ ಮುಗಿದದ್ದು ಅದೊಂದೇ.

ಕೆಲಸವನ್ನು ಅಲ್ಲಿ ಯಾರೂ ಕೊಡಲಿಲ್ಲ, ಕಥೆಗಳಲ್ಲಿ ಕೊಡುತ್ತಾರೆ. ಆದರೆ ಊಟದ ಸಾಲಿನಲ್ಲಿ ಬೇರೆಯೇ ಒಂದು ನಡೆಯಿತು. ನಾನು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದಾಗ ಒಬ್ಬರು ಬಂದು, "ಪಾಟೀಲರೇ, ನಮ್ಮ ಫ್ರೆಂಡ್ ಒಬ್ಬರಿಗೆ ಕೇಳ್ತಿದೀನಿ, ಹೆಂಡತಿ ಪಾರ್ಟ್ ಟೈಮ್ ದುಡೀತಿದ್ರೂ ಅರ್ಜಿ ಹಾಕಬಹುದಾ?" ಎಂದರು. ಎಣ್ಣೆಗಾಯಿಯ ಬಳಿ ಇನ್ನೊಬ್ಬರು, ಅವರಿಗೂ ಒಬ್ಬ ಫ್ರೆಂಡ್. ಹುಗ್ಗಿಯ ಹೊತ್ತಿಗೆ ಶೆಫೀಲ್ಡ್‌ನಿಂದ ಬಂದ ಒಬ್ಬ ವಿದ್ಯಾರ್ಥಿ. ಅವನು ಮಾತ್ರ ನೇರವಾಗಿ ತನಗೇ ಎಂದ. ವಿದ್ಯಾರ್ಥಿ ವೀಸಾದವರಿಗೆ ಈ ಬಾಗಿಲಿಲ್ಲ, ಅವನಿಗೆ ಅಷ್ಟನ್ನೇ ಹೇಳಿ ಇನ್ನೊಂದು ರೊಟ್ಟಿ ಹಾಕಿಸಿದೆ. ಕೊನೆಗೆ, ಕೈ ತೊಳೆಯುವಲ್ಲಿ, ರಮಾಕಾಂತ. ಕೂಟದಲ್ಲಿ ಅವರನ್ನು ವರ್ಷದಿಂದ 'ಸ್ವತಂತ್ರ ಕನ್ಸಲ್ಟೆಂಟ್' ಎಂದು ಪರಿಚಯಿಸುತ್ತ ಬಂದಿದ್ದೆವು. ಅವರು ಫ್ರೆಂಡಿನ ಮಾತೆತ್ತಲಿಲ್ಲ. "ಜರ್ನಲ್‌ನಲ್ಲಿ ಮೊದಲು ಏನು ಬರೀಬೇಕು?" ಎಂದಷ್ಟೇ ಕೇಳಿ, ನಲ್ಲಿಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಬಿಟ್ಟುಕೊಂಡು ನಿಂತರು.

ಕೆಲವು ವಾರಗಳ ಮೇಲೆ ಗುರುಪಾದಪ್ಪನವರಿಗೆ ಗೇರ್ ತಯಾರಿಸುವ ಚಿಕ್ಕ ವರ್ಕ್‌ಶಾಪಿನಲ್ಲಿ ಅರೆಕಾಲದ ಕೆಲಸ ಸಿಕ್ಕಿತು. ಯಾರ ಶಿಫಾರಸೂ ಇಲ್ಲದೆ, ಜರ್ನಲ್‌ನಲ್ಲಿ ಬರೆದಿದ್ದ ಹತ್ತಾರು ಅರ್ಜಿಗಳಲ್ಲಿ ಒಂದರಿಂದ. ದಾಸೋಹದ ಹೊತ್ತನ್ನೂ ಈಗ ಅಲ್ಲಿ ಬರೆಯುತ್ತಿದ್ದರಂತೆ. ಹೆಸರಿಗೆ ಒಂದು ಸಾಲು, ಉಂಡವರ ಸಂಖ್ಯೆ ಇಲ್ಲದೆ. ದುಡಿಮೆ ಸಂಸಾರಕ್ಕೆ ಸಾಲದ್ದರಿಂದ ಭತ್ಯೆ ಕಡಿಮೆಯಾಗಿ ಮುಂದುವರಿಯಿತು, ಆಸಿಫ್‌ನ ಭೇಟಿಯೂ ಮುಂದುವರಿಯಿತು.

ಆ ಕೆಲಸ ಹಿಡಿದ ಮೇಲೆ ಅವರು ಮೊದಲ ಸಲ ಕಚೇರಿಗೆ ಬಂದ ಬೆಳಗ್ಗೆ ನಾನು ಎಂದಿನಂತೆ ಕಂಪ್ಯೂಟರಿನಲ್ಲಿ ಮುಳುಗಲು ಸಿದ್ಧನಾಗಿದ್ದೆ. ಸೂಟಿರಲಿಲ್ಲ, ವರ್ಕ್‌ಶಾಪಿನ ಬೂಟು, ಎಣ್ಣೆಯ ಕಲೆಯ ಜಾಕೆಟ್ಟು, ಹಣೆಯಲ್ಲಿ ಅದೇ ವಿಭೂತಿ. ಬೆಂಕಿ ನಂದಿಸುವ ಸೂಚನೆಯತ್ತ ಅವರು ತಿರುಗಲೇ ಇಲ್ಲ. ಬಾಗಿಲಿಂದಲೇ, ಸೆಕ್ಯೂರಿಟಿಯವನು ಬೆಚ್ಚುವ ಹಾಗೆ ಕೂಗಿದರು:

"ಶರಣ್ರೀ, ಪಾಟೀಲ್ರ!"

ಇಡೀ ಕಚೇರಿ ತಿರುಗಿತು. ನಾನು ಕುರ್ಚಿಯ ಕೈಗಳನ್ನು ಹಿಡಿದು ಎದ್ದುನಿಂತು, "ಶರಣು, ಶರಣ್ರೀ" ಎಂದೆ. ಬಡ್ತಿಯಿಂದ ಬಂದ ಆ ಕೈಗಳು ಉಪಯೋಗಕ್ಕೆ ಬಿದ್ದದ್ದು ಅಂದೇ ಮೊದಲು.

ಅವರ ಹಿಂದೆ, ಹೊರಗಿನ ಮೆಟ್ಟಿಲ ಮೇಲೆ, ಸೂಟು ತೊಟ್ಟು ರಮಾಕಾಂತ ನಿಂತಿದ್ದರು. ಒಳಗೆ ಬರಬೇಕೋ, ಬಸ್ಸಿಗೆ ಕಾಯುತ್ತಿದ್ದೇನೆ ಎನ್ನಬೇಕೋ ತಿಳಿಯದೆ ಫೋನ್ ತೆಗೆದು ಕಿವಿಗಿಟ್ಟುಕೊಳ್ಳುತ್ತಿದ್ದರು. ಗುರುಪಾದಪ್ಪನವರು ತಿರುಗಿ ಬಾಗಿಲು ಹಿಡಿದು ನಿಂತರು.

"ಬರ್ರೀ ಸರ, ಒಳಗ ಬರ್ರಿ," ಎಂದರು. "ಅಂಜಬ್ಯಾಡ್ರಿ. ಇಲ್ಲಿ ಯಾರೂ ಪೇಟ ಇಡೂದಿಲ್ಲ."